ಬಾಂದ್ರಾ ಶೆಟ್ಟಿ, ಎ ಮತ್ತು ಬಿ

ಸಂಶೋಧನೆ ಗಂಭೀರವಾದ ಕೆಲಸ ಎಂದು ನಂಬಿದವರು ಪ್ರಬಂಧ ಒಪ್ಪಿಸುವ ದಿನಗಳಲ್ಲಿ ನಮ್ಮ ಕಾಲೇಜಿನ ಲೈಬ್ರರಿಗೆ ಬರಬಾರದು. ಆಕರಗಳ ಪಟ್ಟಿ ಮಾಡುವ ಸಾಫ್ಟ್‌ವೇರನ್ನು ಸಂಶೋಧಕರಿಗೆ ಕಲಿಸುವುದು ಅಲ್ಲಿ ನನ್ನ ಕೆಲಸ. ಪ್ರತಿ ವರ್ಷ ಏನಾದರೊಂದು ಆಗುತ್ತದೆ. ಈ ವರ್ಷ ಆದದ್ದೆಲ್ಲ ಒಬ್ಬಳಿಗೇ.

೧. ಎಲ್ಲರೂ ಶೆಟ್ಟರು

ಆ ಹುಡುಗಿಯ ಸಂಶೋಧನೆಯ ವಿಷಯ ಮುಂಬಯಿಯ ಉಡುಪಿ ಹೋಟೆಲುಗಳು. ಲೋಕಲ್ ರೈಲಿನ ಸ್ಟೇಷನ್ನಿಗೊಬ್ಬರಂತೆ ಇಪ್ಪತ್ತೇಳು ಮಾಲಕರ ಸಂದರ್ಶನ ಮಾಡಿದ್ದಳು, ಅವಳ ತಂದೆಯೂ ಸೇರಿ. ಸಾಫ್ಟ್‌ವೇರು ಪ್ರತಿ ಸಂದರ್ಶನಕ್ಕೂ ತಾನೇ ಒಂದು ಕೀ, ಅಂದರೆ ಗುರುತಿನ ಹೆಸರು, ಕೊಡುತ್ತದೆ: ಮನೆತನದ ಹೆಸರು, ಇಸವಿ. ಪ್ರಬಂಧದಲ್ಲಿ ಆ ಕೀ ಬರೆದರೆ ಸಾಕು, ಪ್ರಿಂಟಿನಲ್ಲಿ ಪೂರ್ತಿ ವಿವರ ಬರುತ್ತದೆ. ಇಪ್ಪತ್ತೇಳು ಜನರೂ ಶೆಟ್ಟರು. ಇಸವಿಯೂ ಒಂದೇ. ಯಂತ್ರ ಎ, ಬಿ, ಸಿ ಎಂದು ಅಂಟಿಸುತ್ತ ಝಡ್ ಮುಗಿಸಿ ಎಎ ಮುಟ್ಟಿತ್ತು.

"ಸರ್, ಇದರಲ್ಲಿ ನಮ್ಮ ಪಪ್ಪ ಯಾರು ಅಂತಾನೇ ಗೊತ್ತಾಗ್ತಿಲ್ಲ," ಎಂದಳು.

೨. ಪರಿಶೀಲನೆ

ಕೀ ಕೊಡುವ ಕ್ರಮ ಬದಲಿಸಬೇಕು ಎಂದೆ. ಹೇಗೆಂದು ಕೇಳದೆ ಮನೆಯಲ್ಲೇ ಬದಲಿಸಿದಳು. ಪಟ್ಟಿಯ ಕೀಗಳೆಲ್ಲ ಹೊಸವಾದವು; ಅಧ್ಯಾಯಗಳಲ್ಲಿ ಬರೆದಿದ್ದವು ಹಳೆಯವೇ ಉಳಿದವು. ಯಂತ್ರ ಹುಡುಕಿ ಸಿಗದೆ ಪ್ರತಿಯೊಂದರ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಹಾಕಿತು. ಅದು ಅವಳ ಕಣ್ಣಿಗೆ ಬೀಳುವ ಮೊದಲೇ ಪ್ರತಿ ಮಾರ್ಗದರ್ಶಕರಿಗೆ ಹೋಗಿತ್ತು.

ವಾರದ ನಂತರ ವಾಪಸು ಬಂತು. ಪುಟಕ್ಕೆ ಐದಾರು ಪ್ರಶ್ನಾರ್ಥಕ ಹಾಗೇ ಇದ್ದವು. ಕೊನೆಯಲ್ಲಿ ಅವರ ಷರಾ: "ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸಿದ್ದೇನೆ. ತೃಪ್ತಿಕರ."

೩. ವಿಳಾಸ

ದಾರಿ ತೋರಿಸಿದವರು ಅವಳ ತಂದೆ, ಫೋನಿನಲ್ಲಿ.

"ಅದಕ್ಕೆ ಎಂತ ಮಂಡೆಬಿಸಿ ಮಾರಾಯ್ತಿ? ನಮ್ಮಲ್ಲಿ ಹೆಸರು ಯಾರು ಹೇಳ್ತಾರೆ? ದಾದರ್ ಶೆಟ್ರು, ಮುಲುಂಡ್ ಶೆಟ್ರು, ಮುಗಿಯಿತು."

ಸ್ಟೇಷನ್ನು ಮೊದಲು, ಮನೆತನ ಆಮೇಲೆ ಎಂದು ಕ್ರಮ ಹಾಕಿದೆವು. ಅಧ್ಯಾಯಗಳಲ್ಲೂ ತಿದ್ದಿದೆವು. ಒಂದೇ ಒಂದು ಪ್ರಶ್ನಾರ್ಥಕ ಉಳಿಯಲಿಲ್ಲ.

ಮರುದಿನ ಮುಖ ಇಳಿಸಿಕೊಂಡು ಬಂದಳು. ಸಂದರ್ಶನ ಕೊಟ್ಟವರೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಯಾಗಿತ್ತು, ತಂದೆಯೊಬ್ಬರನ್ನು ಬಿಟ್ಟು. ನಾಲ್ಕನೆಯ ಅಧ್ಯಾಯ ಪೂರ್ತಿ ಅವರದೇ ಮಾತು. ಸಹಿ ಇಲ್ಲದೆ ಅದನ್ನು ಸೇರಿಸುವಂತಿಲ್ಲ, ಒಪ್ಪಿಸಬೇಕಾದದ್ದು ಶುಕ್ರವಾರ.

"ಪಪ್ಪ ಲಿಸ್ಟ್ ನೋಡಿದ್ರು ಸರ್, ಸಹಿ ಹಾಕಲ್ಲ ಅಂತಾರೆ. ಅವರನ್ನ ದಹಿಸರ್ ಅಂತ ಹಾಕಿದೀವಲ್ಲ."

"ಹೋಟೆಲ್ ಇರುವುದು ದಹಿಸರಿನಲ್ಲೇ ಅಲ್ಲವೆ?"

"ಹೌದು. ಆದ್ರೆ ಮೊದಲು ಬಾಂದ್ರಾದಲ್ಲಿತ್ತು. ಅದನ್ನ ಮಾರಿ ಊರ ತುದಿಗೆ ಬಂದು ಹನ್ನೊಂದು ವರ್ಷ ಆಯ್ತು."

ಬಾಂದ್ರಾ ಎಂದೇ ಹಾಕಿದೆವು. ಆ ಹೋಟೆಲನ್ನು ಕೊಂಡವರೂ ಶೆಟ್ಟರು, ಪಟ್ಟಿಯಲ್ಲಿ ಅವರೂ ಇದ್ದರು. ಅವರ ಸಂದರ್ಶನ ಮೊದಲು ಆಗಿದ್ದರಿಂದ ಯಂತ್ರ ಅವರಿಗೆ ಎ ಕೊಟ್ಟಿತು, ತಂದೆಗೆ ಬಿ. ಫೋನು ಮತ್ತೆ ಬಂತು.

"ನನ್ನ ಹೋಟೆಲ್ ತೆಗೆದುಕೊಂಡವ ಎ, ನಾನು ಬಿಯಾ?"

"ಪಪ್ಪಾ, ಮೊದಲು ಕೇಳಿದಾಗ ನೀವೇ ಟೈಮ್ ಇಲ್ಲ ಅಂದ್ರಿ. ಮತ್ತೆ ಇದು ಪ್ರಿಂಟಲ್ಲಿ ಬರೋದೇ ಇಲ್ಲ, ಯಾರೂ ನೋಡಲ್ಲ."

"ಯಾರೂ ನೋಡದಿದ್ದರೆ ಬದಲಾಯಿಸಲಿಕ್ಕೆ ನಿಮಗೆ ಎಂತ ಕಷ್ಟ?"

ಆ ಇಬ್ಬರ ಮಟ್ಟಿಗೆ ಯಂತ್ರದ ಕ್ರಮ ನಿಲ್ಲಿಸಿ, ಕೈಯಿಂದಲೇ ತಂದೆಗೆ ಎ ಹಾಕಿದೆ.

ಗುರುವಾರ ಸಂಜೆ ಒಪ್ಪಿಗೆ ಪತ್ರ ಬಂತು. ಸಹಿ ಇತ್ತು. ವಿಳಾಸದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಬಾಂದ್ರಾ. ತಾತ್ಕಾಲಿಕವಾಗಿ ದಹಿಸರ್."