ಮಹಾರಾಜರ ರಥದ ಚೌಕಾಸಿ

ಬಹಳ ಹಿಂದೆ, ಸುಂಕ ಕಟ್ಟದೆ ಸೀನುವುದಕ್ಕೂ ಜನ ಹೆದರುತ್ತಿದ್ದ ಒಂದು ರಾಜ್ಯವಿತ್ತು. ಹೆಸರು ಮೆರುಗುನಾಡು. ಅಲ್ಲಿಯ ದೊರೆ ಅತಿವಿಕ್ರಮ ಮಹಾರಾಜರು ಹೊಸ ರಥ ಕೊಳ್ಳಲು ಸಂಕಲ್ಪಿಸಿದರು. ಅಂಗಡಿಯಲ್ಲಿ ನಿಂತ ರಥ ಬೇಡ. ಬಣ್ಣ, ಗಾದಿ, ಛತ್ರಿ ಎಲ್ಲ ತಮ್ಮಿಷ್ಟದ್ದೇ ಆಗಬೇಕೆಂದು ನೇರ ಕಾರ್ಖಾನೆಗೇ ಆರ್ಡರ್. ವೇಟಿಂಗ್ ಎಂಟು ತಿಂಗಳು.

ಅರಮನೆಯ ಖರೀದಿಗೆ ಬೆಲೆ ಮಾತಾಡುವಾಗ ಪ್ರಜೆಯೊಬ್ಬರು ಇರಬೇಕೆಂಬುದು ಆ ನಾಡಿನ ಪದ್ಧತಿ. ಇದಕ್ಕೆ 'ಸಹಭಾಗಿತ್ವ' ಎಂದು ಹೆಸರು. ಹಾಗಾಗಿ ಸಂತೆಯಲ್ಲಿ ಸೊಪ್ಪು ಮಾರುವ ದೇವೀರವ್ವನಿಗೆ ಕರೆ ಬಂತು. ಮೂವತ್ತು ವರ್ಷ ಗಿರಾಕಿಗಳ ಚೌಕಾಸಿಯಲ್ಲಿ ಬೆಂದವಳು. ಎಲ್ಲ ವರಸೆಯೂ ಗೊತ್ತಿತ್ತು. ಜೊತೆಗೆ ಹೊಟ್ಟೆಯ ಚಿಂತೆ: ಅರಮನೆ ಸಾವಿರ ವರಹ ಖರ್ಚು ಮಾಡಿದರೆ ಸಂತೆಯ ಪ್ರತಿ ಅಂಗಡಿಗೂ ವಾರಕ್ಕೊಂದು ಕಾಸು ಸುಂಕ ಏರುತ್ತಿತ್ತು. ಅವಳಿಗೆ ವಾರಕ್ಕೆ ಉಳಿಯುತ್ತಿದ್ದದ್ದೇ ಹತ್ತು ಕಾಸು.

"ಹನ್ನೆರಡು ಸಾವಿರ. ಎಕ್ಸ್-ಶೋರೂಮ್," ಎಂದ ಕಾರ್ಖಾನೆಯ ಏಜೆಂಟ್ ವರದಪ್ಪ.

"ಶೋರೂಮ್ ಎಲ್ಲಿಂದ ಬಂತಪ್ಪಾ? ಆರ್ಡರ್ ಮೇಲೆ ಮಾಡೋದಲ್ವಾ? ನಿಲ್ಸಿ ಧೂಳು ಹೊಡಿಯೋ ಖರ್ಚೇ ಇಲ್ಲ ನಿಂಗೆ. ನನ್ ಸೊಪ್ಪಾದ್ರೆ ಸಂಜೆಗೆ ಬಾಡ್ತದೆ. ನಿಂದೇನು ಬಾಡ್ತದಾ? ಇಳಿಸು."

"ಹ್ಯಾಂಡ್ಲಿಂಗ್ ಚಾರ್ಜೇ ಸಾವಿರ ಆಗ್ತದಮ್ಮಾ."

"ಹಂಗಂದ್ರೆ?"

"ರಥನ ಇಲ್ಲಿಗೆ ತರೋದಕ್ಕೆ."

"ಯಾಕೆ, ಅದಕ್ಕೆ ಗಾಲಿ ಇಲ್ವಾ?"

ಸಭೆ ಕೆಮ್ಮಿತು. ದೇವೀರವ್ವ ಎರಡು ಸಲ ಬುಟ್ಟಿ ಎತ್ತಿಕೊಂಡು ಹೊರಟಳು. ಎರಡು ಸಲವೂ ವರದಪ್ಪನೇ ಕೂಗಿ ಕರೆದ. ಕೊನೆಗೆ ಏಳು ಸಾವಿರಕ್ಕೆ ಇಳಿದ. ಕಾಲೊರಸು ಫ್ರೀ. ವಾರಕ್ಕೆ ಮೂರು ಕಾಸಾದರೂ ಉಳಿಯಿತಲ್ಲ ಎಂದು ಅವಳು ಉಸಿರುಬಿಟ್ಟಳು.

ಮಹಾರಾಜರ ಮುಖ ಮಾತ್ರ ಬಾಡಿತು. "ಪಕ್ಕದ ರಾಜನ ರಥ ಎಷ್ಟಿನದು?"

"ಒಂಬತ್ತು ಸಾವಿರ, ಮಹಾಪ್ರಭು," ಎಂದ ಮಂತ್ರಿ ಸ್ತುತಿಧರ.

"ನಾವು ಏಳರದ್ದರಲ್ಲಿ ಕೂರಬೇಕೆ?"

"ಶಾಂತಂ ಪಾಪಂ! ಪ್ರಭುಗಳ ಬ್ರ್ಯಾಂಡ್ ವ್ಯಾಲ್ಯೂ ಏನಾಗಬೇಕು?"

ಮಹಾರಾಜರೇ ಚೌಕಾಸಿಗೆ ನಿಂತರು. "ಹತ್ತು!"

"ಏಳೇ ಸಾಕು ಪ್ರಭೂ," ಎಂದ ವರದಪ್ಪ, ಗಾಬರಿಯಾಗಿ.

"ನಮಗೇ ಎದುರು ಮಾತೆ? ಹದಿಮೂರು!"

ವರದಪ್ಪ ಬೇಗ ಕಲಿತ. "ಇಲ್ಲ ಪ್ರಭೂ, ಏಳರ ಮೇಲೆ ಒಂದು ಕಾಸೂ ಮುಟ್ಟೋದಿಲ್ಲ."

"ಹದಿನೈದು! ಇದೇ ಕೊನೆ!"

"ತಮ್ಮ ಮುಂದೆ ಗೆಲ್ಲೋಕಾಗ್ತದಾ?" ಎಂದು ಅವನು ಸಾಷ್ಟಾಂಗ ಬಿದ್ದ. ಸಭೆ ಜಯಘೋಷ ಮಾಡಿತು.

"ನನ್ ಗತಿ ಏನು ಸ್ವಾಮೀ?" ಎಂದಳು ದೇವೀರವ್ವ. ಮಂತ್ರಿ ಅವಳಿಗೆ ಶಾಲು ಹೊದಿಸಿ 'ಚೌಕಾಸಿ ರತ್ನ' ಎಂಬ ಬಿರುದು ಕೊಟ್ಟ.

ಮುಂದಿನ ಸಂತೆಗೆ ಸುಂಕದವನು ಬಂದ. "ಹದಿನೈದು ಕಾಸು."

"ಉಳಿಯೋದೇ ಹತ್ತು ಕಣಣ್ಣಾ. ಒಂಚೂರು ನೋಡ್ಕೊಂಡು ಹೇಳು."

"ಸುಂಕಕ್ಕೆಲ್ಲ ಚೌಕಾಸಿ ಇಲ್ಲವ್ವಾ. ಫಿಕ್ಸೆಡ್ ರೇಟು," ಎಂದ ಅವನು ಹತ್ತು ಕಾಸು ಎಣಿಸಿಕೊಂಡು, ಉಳಿದ ಐದಕ್ಕೆ ಅವಳ ಹೆಗಲ ಮೇಲಿದ್ದ ಶಾಲು ಎಳೆದುಕೊಂಡು ಹೋದ.