ಸಕ್ಕರೆ ರೋಗದ ವಾರಸಾ ನೋಂದಣಿ

ಕಚೇರಿಯ ಆವರಣದಲ್ಲಿ ಯಾವುದೇ ಸಿಬ್ಬಂದಿ ಯಾವುದೇ ಕಾರಣಕ್ಕೂ ಸಿಹಿ ಪದಾರ್ಥ ಸೇವಿಸತಕ್ಕದ್ದಲ್ಲ. ಬೀಳಗಿಯಲ್ಲಿರುವ ‘ನಾಲ್ಕು ತಾಲೂಕುಗಳ ಮಧುಮೇಹ ನಿವಾರಣಾ ಅಭಿಯಾನ ಕಚೇರಿ’ಯ ನಿಯಮ ಒಂದು ಇದು. ನಿಯಮ ಎರಡು ಇಲ್ಲ. ನಿಯಮ ಜಾರಿಗೆ ಬಂದ ಸಂತೋಷಕ್ಕೆ ಅಂದೇ ಮಧ್ಯಾಹ್ನ ಪೇಢೆ ಹಂಚಲಾಯಿತು. ಅದು ಒಳ್ಳೆಯ ಪದ್ಧತಿ ಎಂದು ಕಂಡುಬಂದದ್ದರಿಂದ ದಿನವೂ ಮುಂದುವರಿಯಿತು.

ವರ್ಷದ ಕೊನೆಗೆ ಸಿಬ್ಬಂದಿಯ ರಕ್ತ ತಪಾಸಣೆಯಾಯಿತು. ಹನ್ನೆರಡು ಜನರಲ್ಲಿ ಹನ್ನೆರಡು ಜನಕ್ಕೂ ಸಕ್ಕರೆ ಇತ್ತು. ಅಭಿಯಾನದವರಿಗೇ ರೋಗ ಹೇಗೆ ಬಂತು, ಕಾರಣ ತಿಳಿಸಿ ಎಂದು ಮೇಲಿನಿಂದ ಪತ್ರ ಬಂತು.

ಕಾರಣ ಹುಡುಕಲು ಜಮಖಂಡಿಯಿಂದ ಡಾಕ್ಟರ್ ಗೌತಮಿಯವರನ್ನು ಕರೆಸಲಾಯಿತು. ಅವರು ಒಂದು ತಾಸು ವಿವರಿಸಿದರು: ವಂಶವಾಹಿಗಳೇ ಬದಲಾಗುವುದಿಲ್ಲ, ಆದರೆ ಅವುಗಳ ಮೇಲೆ ಸಣ್ಣ ಗುರುತುಗಳು ಬೀಳುತ್ತವೆ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಆ ಗುರುತುಗಳೂ ಹೇಳುತ್ತವೆ. ಅತಿಯಾಗಿ ತಿಂದರೆ, ಕೂತಲ್ಲೇ ಕೂತರೆ, ತಾಯಿ ಬಸುರಿಯಾಗಿದ್ದಾಗ ಹಸಿದಿದ್ದರೆ ಗುರುತು ಬದಲಾಗಿ ಸಕ್ಕರೆ ರೋಗದ ಸಂಭವ ಹೆಚ್ಚಬಹುದು. ಮೊಮ್ಮಕ್ಕಳವರೆಗೂ ಹೋಗುತ್ತದೆಯೇ ಎಂಬುದು ಮನುಷ್ಯರಲ್ಲಿ ಇನ್ನೂ ಖಚಿತವಿಲ್ಲ. ಇದು ಹಣೆಬರಹವೂ ಅಲ್ಲ. ಊಟ, ನಡಿಗೆ ಸರಿಯಾದರೆ ಎಷ್ಟೋ ಗುರುತುಗಳು ಮತ್ತೆ ಬದಲಾಗುತ್ತವೆ.

ಟಿಪ್ಪಣಿ ಬರೆದುಕೊಂಡವರು ಶಿರಸ್ತೇದಾರ ಚನಮಲ್ಲಪ್ಪ. ಇಪ್ಪತ್ತಾರು ವರ್ಷ ಹೊಲಗಳ ವಾರಸಾ ನೋಂದಣಿ ಮಾಡಿ, ನಿಯೋಜನೆಯ ಮೇಲೆ ಇಲ್ಲಿಗೆ ಬಂದವರು. ‘ಮೊಮ್ಮಕ್ಕಳವರೆಗೂ’ ಎಂಬಲ್ಲಿಗೆ ಅವರ ಪೆನ್ನು ನಿಂತಿತು.

“ಸಾಹೇಬ್ರ, ಇದು ರೋಗ ಅಲ್ರೀ, ವಾರಸಾ ಐತಿ,” ಎಂದರು. “ಅಜ್ಜನ ಹೊಲ ಮೊಮ್ಮಗಗ ಬಂದಂಗ ಅಜ್ಜನ ಸಕ್ಕರಿ ನಮಗ ಬಂದೈತಿ. ನಮ್ಮದೇನು ತಪ್ಪು?”

ಅಭಿಯಾನಾಧಿಕಾರಿ ಪವಮಾನರಾಯರು ಕನ್ನಡಕ ತೆಗೆದರು. “ಗುರುತು ಬದಲಾಗ್ತಾವ ಅಂತನೂ ಅಂದ್ರಲ್ರೀ ಡಾಕ್ಟರು?”

“ಅದು ತಿದ್ದುಪಡಿ ರೀ. ಅದಕ್ಕ ಬ್ಯಾರೆ ಫೈಲ್ ಬೇಕು.”

ಬೇರೆ ಫೈಲ್ ಇರಲಿಲ್ಲ. ಆದ್ದರಿಂದ ಕಚೇರಿಯ ಬಾಗಿಲಿಗೆ ಈ ಪ್ರಕಟಣೆ ಹಚ್ಚಲಾಯಿತು:

‘ಸಿಬ್ಬಂದಿಯ ಮೃತ ಅಜ್ಜ-ಅಜ್ಜಿಯಂದಿರಿಗೆ ತಿಳಿಸುವುದೇನೆಂದರೆ, ತಾವು ಜೀವಿತಾವಧಿಯಲ್ಲಿ ಅತಿಯಾಗಿ ಉಂಡು, ಅಥವಾ ಉಣ್ಣದೆ ಉಳಿದು, ವಂಶವಾಹಿಗಳ ಮೇಲೆ ಅನಧಿಕೃತವಾಗಿ ಗುರುತು ಹಾಕಿದ್ದೀರಿ. ತಕರಾರಿದ್ದಲ್ಲಿ ಮೂವತ್ತು ದಿನಗಳೊಳಗೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು.’

ಯಾರೂ ಹಾಜರಾಗಲಿಲ್ಲ. ಹಿರಿಯರೆಂಬ ಗೌರವಕ್ಕೆ ಒಂದು ದಿನ ಹೆಚ್ಚು ಕಾಯಲಾಯಿತು. ಆಮೇಲೆ ಹನ್ನೊಂದು ಜನಕ್ಕೆ ‘ಪೂರ್ವಜ ಹೊಣೆ ಪ್ರಮಾಣಪತ್ರ’ ಮಂಜೂರಾಯಿತು. ತಪ್ಪು ಅಜ್ಜನದಾದ್ದರಿಂದ ಪತ್ರವಿದ್ದವರಿಗೆ ನಿಯಮ ಒಂದರಿಂದ ವಿನಾಯಿತಿ ಸಿಕ್ಕಿತು.

ಮೇಲಿನವರು ಮೆಚ್ಚಿ ಯೋಜನೆಯನ್ನು ನಾಲ್ಕೂ ತಾಲೂಕಿಗೆ ವಿಸ್ತರಿಸಿದರು. ಮುಧೋಳದ ಮಿಠಾಯಿ ವ್ಯಾಪಾರಿಯೊಬ್ಬರು ತಮ್ಮ ಪತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಬನಹಟ್ಟಿಯ ಅಣ್ಣತಮ್ಮಂದಿರಿಬ್ಬರು ಪಾಲಿಗಾಗಿ ಜಗಳವಾಡಿ ಬಂದರು. ಅಣ್ಣನ ಸಕ್ಕರೆ ಮುನ್ನೂರ ಹತ್ತು, ತಮ್ಮನದು ನೂರಿಪ್ಪತ್ತು. ಸಮಪಾಲಾಗಿಲ್ಲವೆಂದು ತಮ್ಮನ ತಕರಾರು. ಅಳತೆಗೆ ದಿನಾಂಕ ಕೊಡಲಾಯಿತು.

ಕಚೇರಿಯಲ್ಲಿ ಪತ್ರ ಸಿಗದೆ ಉಳಿದವನು ಗುಮಾಸ್ತ ಬಾಳು ಒಬ್ಬ. ಅವನ ಅಜ್ಜಿ, ಗಲಗಲಿಯ ಲಗಮವ್ವ, ಎಂಬತ್ತಾರಾದರೂ ಜೀವಂತವಿದ್ದಳು. ಬದುಕಿದ್ದವರ ಮೌನ ಒಪ್ಪಿಗೆಯಾಗುವುದಿಲ್ಲ, ಹೆಬ್ಬೆಟ್ಟು ಬೇಕು. ಅಲ್ಲಿಯವರೆಗೆ ಬಾಳು ತಾತ್ಕಾಲಿಕ ಆಧಾರದ ಮೇಲೆ ಪೇಢೆ ತಿನ್ನುತ್ತಿದ್ದ. ಅವನ ಸಕ್ಕರೆ ಇನ್ನೂರ ಎಂಬತ್ತಾರು. ಎಡಗಾಲಿನ ಗಾಯ ಮೂರು ತಿಂಗಳಾದರೂ ಮಾಯ್ದಿರಲಿಲ್ಲ. ಹೀಗೇ ತಿಂದರೆ ಇನ್ನೊಂದು ತಿಂಗಳಿಗೆ ಕಿರುಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರ್ ಗೌತಮಿ ಹೇಳಿದ್ದರು.

ಲಗಮವ್ವ ಬಸ್ಸಿಳಿದು ಬಂದಳು. ಮೇಜಿನ ಮೇಲೆ ಬಾಳುವಿನದೂ ಸೇರಿ ಸಿಬ್ಬಂದಿಯ ಹನ್ನೆರಡು ಪ್ರಮಾಣಪತ್ರ, ಶಾಯಿ ಪ್ಯಾಡು, ಪತ್ರ ವಿತರಣೆಯ ಸಮಾರಂಭಕ್ಕೆಂದು ಹನ್ನೆರಡು ಪೇಢೆಯ ತಟ್ಟೆ ಸಿದ್ಧವಿದ್ದವು. ಅವಳು ಕುರ್ಚಿ ಬೇಡವೆಂದು ಮೊಮ್ಮಗನ ಕಾಲಿನ ಪಟ್ಟಿ ನೋಡುತ್ತ ನಿಂತಳು.

“ಆಯಿ, ಇಲ್ಲೊಂದು ಒತ್ತಬೇ. ನೀ ಒತ್ತಿದ್ರ ಆತು, ನಾ ಬಿಡುಗಡಿ,” ಎಂದ ಬಾಳು.

“ಏನ್ ಬರದಾರ ಇದರಾಗ?”

ಚನಮಲ್ಲಪ್ಪ ಓದಿ ಹೇಳಿದರು: “ಇವರಪ್ಪ ನಿಮ್ಮ ಹೊಟ್ಟ್ಯಾಗಿದ್ದಾಗ ನೀವು ಉಪವಾಸ ಇದ್ದ್ರಿ. ಅದರ ಗುರ್ತು ಇವಗ ಬಂದೈತಿ. ಹಿಂಗಾಗಿ ಇವನ ಸಕ್ಕರಿಗೆ ನೀವ ಹೊಣಿ.”

“ಉಪವಾಸ ಇದ್ದದ್ದು ಖರೆ,” ಎಂದಳು ಲಗಮವ್ವ. “ಮನ್ಯಾಗ ಜ್ವಾಳ ಇರ್ಲಿಲ್ಲ. ಹಸದೀನಿ ಅಂತ ಈಗ ದಂಡ ಏನು?”

“ದಂಡ ಇಲ್ಲಬೇ, ಬರೇ ತಪ್ಪು.”

“ನನ್ನ ಹಸಿವು ನನ್ನ ಹೆಸರಿಗೆ ಬರ್ಕೋರಿ, ಬ್ಯಾಡ ಅನ್ನೂದಿಲ್ಲ. ಈ ಪೇಢೆ ಯಾರ ಹೆಸರಿಗೈತಿ?”

ಪವಮಾನರಾಯರು ದಾಖಲೆ ತಿರುವಿ ನೋಡಿದರು. ಪೇಢೆ ಯಾರ ಹೆಸರಿಗೂ ಇರಲಿಲ್ಲ.

“ಎಲ್ಲಾರೂ ಒಪ್ಯಾರಬೇ,” ಎಂದು ಚನಮಲ್ಲಪ್ಪ ಸಮಾಧಾನ ಹೇಳಿದರು. “ನಮ್ಮಜ್ಜನೂ ಒಪ್ಯಾನ.”

“ಸತ್ತಾವ್ರು ಏನಂದ್ರೂ ಒಪ್ತಾರ. ನಾ ಇನ್ನೂ ಅದೀನಿ.”

ಬಾಳು ಅಷ್ಟರಲ್ಲಿ ಕೈ ಚಾಚಿ ಒಂದು ಪೇಢೆ ಎತ್ತಿದ್ದ. “ಹಿಡೀಲೇ ನಾಲಿಗಿ ಸ್ವಲ್ಪ,” ಎಂದು ಲಗಮವ್ವ ಅದನ್ನು ಅವನ ಬೆರಳಿಂದ ಕಿತ್ತುಕೊಂಡಳು. ಶಾಯಿ ಪ್ಯಾಡಿನ ಮೇಲೆ ಒತ್ತಿದಳು. ‘ಹೊಣೆಗಾರರ ಹೆಬ್ಬೆಟ್ಟಿನ ಗುರುತು’ ಎಂದು ಬರೆದ ಜಾಗದಲ್ಲಿ ಆ ಪೇಢೆಯನ್ನು, ನೇರವಾಗಿ, ಗೆರೆ ದಾಟದಂತೆ ಇಟ್ಟು ಎತ್ತಿದಳು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಉಳಿದ ಹನ್ನೊಂದು ಪೇಢೆಗಳನ್ನೂ ಒಂದೊಂದಾಗಿ ಶಾಯಿಗೆ ಅದ್ದಿ, ಉಳಿದ ಹನ್ನೊಂದು ಪತ್ರಗಳಲ್ಲಿ ಖಾಲಿಯಿದ್ದ ಅದೇ ಜಾಗದಲ್ಲೂ ಒತ್ತಿದಳು.