ಮೂರನೆಯ ಸೀನು

ನಮ್ಮ ಕಾಕಾ ಜನ್ಮದಲ್ಲಿ ಒಂದೇ ಒಂದು ತಪ್ಪೂ ಮಾಡಿದವರಲ್ಲ. ಮಾಡಿದ್ದೆಲ್ಲ ಅವರಪ್ಪನ ರಕ್ತ! ಅಫಜಲಪುರ ಕಡೆಯ ಆ ಊರಿಗೆಲ್ಲ ಇದು ಬಾಯಿಪಾಠ. ತಾಯಿ ತೀರಿದ ಮೇಲೆ ಗೊಬ್ಬೂರಿನಿಂದ ಬಂದು ಅವಳ ತಂಗಿ, ಅಂದರೆ ಚಿಗವ್ವನ ಮನೆ ಸೇರಿದ ಏಳು ವರ್ಷದ ನನಗೂ ವಾರದೊಳಗೆ ಬಾಯಿಪಾಠವಾಯಿತು. ಕಾಕಾ ಎಂದರೆ ಚಿಗವ್ವನ ಗಂಡ.

ಎಂಬತ್ತರ ದಶಕ. ಹೈಬ್ರಿಡ್ ಜೋಳದ ಬಗ್ಗೆ ಹೇಳಲು ಬಂದ ಕೃಷಿ ಸಾಹೇಬರೊಬ್ಬರು, ಗಿಡವಾಗಲಿ ಮನುಷ್ಯನಾಗಲಿ, ಗುಣವೆಲ್ಲ ಹೆತ್ತವರಿಂದ ಬಂದ ಜೀನ್ಸಿನಲ್ಲೇ ಇರುತ್ತದೆ ಎಂದುಬಿಟ್ಟರು. ಮುಗೀತಲ್ಲ! ಕಾಕಾಗೆ ಸರಕಾರದ ಸಾಕ್ಷಿಯೇ ಸಿಕ್ಕಿತು.

ಘತ್ತರಗಿ ಭಾಗ್ಯವಂತಿ ದೇವಿಯ ನೈವೇದ್ಯಕ್ಕೆಂದು ತೆಗೆದಿಟ್ಟ ಶೇಂಗಾ ಹೋಳಿಗೆ ಒಂದು ದಿನ ಮಾಯ.

"ನಾ ತಿಂದಿಲ್ಲ ಬೇ. ನಮ್ಮಪ್ಪನ ಜೀನ್ಸ್ ತಿಂದಾವ!" ಎಂದರು ಕಾಕಾ.

"ಹಂಗಾದ್ರ ಅವುಕ್ಕ ಹೊಟ್ಟಿ ತುಂಬ್ಯಾದ. ಇವತ್ತ ಊಟ ಇಲ್ಲ," ಎಂದು ಚಿಗವ್ವ ಗಂಗಾಳ ಎತ್ತಿಟ್ಟಳು.

ಸೀನಿನ ಕಥೆಯಂತೂ ಕೇಳಲೇಬೇಡಿ. ಅವರಪ್ಪನಂತೆ ಕಾಕಾ ಕೂಡ ಮೂರೇ ಸಲ ಸೀನಬೇಕು. ಒಮ್ಮೆ ಜೇವರ್ಗಿ ಬಸ್ಸು ಹೊರಡುವಾಗ ಸೀನಿದರು. ಒಂಟಿ ಸೀನು ಅಪಶಕುನವೆಂದು ಡ್ರೈವರ್ ಇಂಜಿನ್ ಆರಿಸಿದ. ಎರಡನೆಯದು ಬಿತ್ತು, ದೋಷ ಕಳೆಯಿತೆಂದು ಚಾಲೂ ಮಾಡಿದ. ಮೂರನೆಯದಕ್ಕೆ ಚಹಾ ಕುಡಿಯಲು ಇಳಿದೇ ಹೋದ! ಜನ ಬೈಯುತ್ತಿದ್ದರೆ ಕಾಕಾಗೆ ಹೆಮ್ಮೆ: "ನಮ್ಮಪ್ಪ ಬರೇ ಬಂಡಿ ನಿಂದ್ರಸ್ತಿದ್ದ!"

ನಾನೂ ನಗುತ್ತಿದ್ದೆ. ಆದರೆ ಒಳಗೊಳಗೇ ಹೆದರಿಕೆ. ಎಲ್ಲವೂ ರಕ್ತವೇ ಆದರೆ, ಇವರ ರಕ್ತವೇ ಅಲ್ಲದ ನನ್ನನ್ನು ಎಷ್ಟು ದಿನ ಇಟ್ಟುಕೊಂಡಾರು?

ಮಕ್ಕಳಿಲ್ಲದ ಚಿಗವ್ವ ನನ್ನನ್ನು ದತ್ತು ತೆಗೆದುಕೊಳ್ಳುವ ಮಾತೆತ್ತಿದ್ದೇ ತಡ, ಕಾಕಾನ ಸೋದರತ್ತೆ ಬಂದು ಪಡಸಾಲೆಯಲ್ಲಿ ಕೂತಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಒಲೆಯ ಮೇಲೆ ಚಿಗವ್ವ ಮೆಣಸಿನಕಾಯಿ ಹುರಿಯುತ್ತಿದ್ದಳು.

"ಬ್ಯಾರೇರ ರಕ್ತ ಅದ. ನಾಳಿ ನಿಮ್ಮಾಕಿ ಆಗ್ತಾಳೇನು?" ಎಂದಳು ಅತ್ತೆ.

ಕಾಕಾ ದನಿ ತಗ್ಗಿಸಿದರು. "ಅತ್ತಿ, ನಾನೂ ಇಜೇರಿಯಿಂದ ದತ್ತಕ ಬಂದಾಂವ. ಮರ್ತೇನು?"

ಅತ್ತೆ ನಿಜಕ್ಕೂ ಮರೆತಿದ್ದಳು! "ಅಯ್ಯ ಶಿವನ! ಮತ್ತ ಹಗಲೆಲ್ಲ ಅಪ್ಪನ ರಕ್ತ, ಅಪ್ಪನ ರಕ್ತ ಅಂತಿ?"

"ಅಪ್ಪಗ ಮೂರು ಸೀನು ಬರ್ತಿದ್ವು. ನನಗ ಬರೋವು ಎರಡ. ಮೂರನೇದು ನಾನ ತೆಗೀತೇನಿ."

ಅಷ್ಟರಲ್ಲಿ ಮೆಣಸಿನಕಾಯಿಯ ಘಾಟು ಏರಿತು. ಸೀನಿದೆ. ಇನ್ನೊಮ್ಮೆ ಸೀನಿದೆ. ಅಲ್ಲಿಗೆ ನಿಂತುಹೋಯಿತು. ಕಣ್ಣು ಮುಚ್ಚಿ, ಮೈಯೊಳಗಿನ ಶಕ್ತಿಯನ್ನೆಲ್ಲ ಹಾಕಿ, ಮೂರನೆಯದನ್ನು ಎಳೆದು ತೆಗೆದೆ.

ಪಡಸಾಲೆಯಿಂದ ಕಾಕಾನ ದನಿ ಕೇಳಿಸಿತು.

"ಕೇಳ್ದೇನು ಅತ್ತಿ? ನಮ್ಮಪ್ಪನ ರಕ್ತ!"